ಅಟ್ಟದ ಮೇಲಿನ ಕಾಲು

ಮೈಸೂರಿನ ಅಗ್ರಹಾರದಲ್ಲಿರುವ ನಮ್ಮ ಅಜ್ಜಿ ಮನೆಯ ಅಟ್ಟದ ಮೇಲೆ ಒಂದು ಕಾಲಿದೆ ಅನ್ನೋದು ಮನೆಯ ಮಕ್ಕಳಿಗೆಲ್ಲ ಗೊತ್ತಿದ್ದ ವಿಷಯ. ಬೇಸಿಗೆ ರಜೆಗೆ ಹೋದಾಗ ಊಟಕ್ಕೆ ಹಟ ಮಾಡಿದರೆ "ನೋಡು, ಕಾಲು ಇಳಿದು ಬರತ್ತೆ" ಅಂತ ದೊಡ್ಡವರು ಹೆದರಿಸುತ್ತಿದ್ದರು. ಬರೀ ಕಾಲು ಮೆಟ್ಟಿಲಿಳಿದು ಬರುವುದನ್ನು ನೆನೆಸಿಕೊಂಡು ನಾನು ಎಷ್ಟೋ ರಾತ್ರಿ ಹೊದಿಕೆ ಮುಖದ ಮೇಲೆ ಎಳೆದುಕೊಂಡು ಮಲಗಿದ್ದೇನೆ. ಆಮೇಲೆ ಇಂಜಿನಿಯರಿಂಗು, ಬೆಂಗಳೂರು, ಕೆಲಸ ಅಂತ ಎಲ್ಲ ಮರೆತೂ ಹೋಗಿತ್ತು.

ಕಳೆದ ವರ್ಷ ನಮ್ಮ ಮಾವನಿಗೆ (ಅಮ್ಮನ ಅಣ್ಣ) ಸಕ್ಕರೆ ಕಾಯಿಲೆಯಿಂದ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದುಬಿಟ್ಟರು. ಆಸ್ಪತ್ರೆಯಿಂದ ಬಂದು ಹದಿನೈದು ದಿನ ಯಾರ ಜತೆಗೂ ಸರಿಯಾಗಿ ಮಾತಾಡದೆ ಗೋಡೆ ನೋಡುತ್ತಾ ಮಲಗಿದ್ದವರು ಒಂದು ಭಾನುವಾರ ಇದ್ದಕ್ಕಿದ್ದಂತೆ "ಅಟ್ಟ ಹತ್ತಿ ಆ ಕಾಲು ಇಳಿಸೋ" ಅಂದರು. ಗೋಣಿಚೀಲದಲ್ಲಿ ಸುತ್ತಿಟ್ಟಿದ್ದರು. ಬಿಚ್ಚಿದರೆ ಅಲ್ಯೂಮಿನಿಯಂ ತಗಡಿನ ಕೊಳವೆ, ಹಪ್ಪಳದ ಥರ ಒಣಗಿದ ಚರ್ಮದ ಪಟ್ಟಿ, ಕೆಳಗೆ ಮೈಬಣ್ಣದ ರಬ್ಬರಿನ ಪಾದ. ಬೆರಳುಗಳೆಲ್ಲ ಬಿಡಿಬಿಡಿಯಾಗಿ ಕಾಣುವ ಹಾಗೆ ಅಚ್ಚು ಹಾಕಿದ್ದಾರೆ, ಉಗುರು ಸಮೇತ. ಮಾವ ಅದನ್ನು ತಿರುಗಿಸಿ ಅಂಗಾಲು ನೋಡಿದರು. ಹೆಬ್ಬೆರಳಿನಿಂದ ಉಜ್ಜಿ ಧೂಳು ಒರೆಸಿ ಮತ್ತೆ ನೋಡಿದರು.

"ಸವೆದೇ ಇಲ್ಲ ಕಣೋ. ಇದು ನಮ್ಮ ಬೀದಿ ಕೊನೇವರೆಗೂ ಹೋಗಿಲ್ಲ."

ಅಲ್ಲಿಂದ ಶುರುವಾಯಿತು ನನ್ನ ತಲೆಹುಳ. ಆ ಕಾಲು ಯಾಕೆ ನಡೆಯಲಿಲ್ಲ? ಈ ಬರಹ ಅದರ ಬೆನ್ನು ಹತ್ತಿ ಹೋದ ಕಥೆ. ಸ್ವಲ್ಪ ಉದ್ದ ಇದೆ, ಒಂದು ಲೋಟ ಕಾಫಿ ಇಟ್ಟುಕೊಂಡೇ ಕೂತುಕೊಳ್ಳಿ :-)

ಮೈಸೂರಿನವರಲ್ಲದವರಿಗೆ ಒಂದು ಮಾತು. ಅಗ್ರಹಾರ ಅಂದರೆ ವೇದ ಓದಿದವರಿಗೆ ಅಂತ ರಾಜರು ಬಿಟ್ಟುಕೊಟ್ಟ ಬ್ರಾಹ್ಮಣರ ಕೇರಿ. ನಮ್ಮ ಮೈಸೂರಿನಲ್ಲಿ ಈಗ ಅದು ಒಂದು ಬಡಾವಣೆಯ ಹೆಸರು. ಸರ್ಕಲ್ಲಿನಲ್ಲಿ ನೂರೊಂದು ಗಣಪತಿ ದೇವಸ್ಥಾನ, ಅಲ್ಲೇ ಹತ್ತಿರ ವಾಣಿವಿಲಾಸ ಮಾರ್ಕೆಟ್ಟು, ಸಂದುಗಳಲ್ಲಿ ಇನ್ನೂ ಉಳಿದುಕೊಂಡಿರುವ ಒಂದಿಷ್ಟು ಹೆಂಚಿನ ಮನೆಗಳು. ಹಳೇ ಮನೆ ಅಂದರೆ ಎತ್ತರದ ಜಗಲಿ, ದಪ್ಪ ಹೊಸ್ತಿಲು, ನಡುಮನೆ, ಅದರಾಚೆ ಹಿತ್ತಲು. ಇಲ್ಲಿ ಎಲ್ಲವೂ ನಡೆಯುವುದು ನೆಲದ ಮೇಲೆ. ಊಟ ನೆಲದ ಮೇಲೆ, ಪೂಜೆ ನೆಲದ ಮೇಲೆ, ಪಾಠ ನೆಲದ ಮೇಲೆ, ಹಿತ್ತಲ ಕಡೆ ಹೋದರೆ ಕುಕ್ಕರಗಾಲು. ಹೊಸ್ತಿಲು ಒಳಗೆ ಚಪ್ಪಲಿ ಬರುವ ಹಾಗಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಈ ಕಥೆಯಲ್ಲಿ ನೆಲವೇ ಮುಖ್ಯ ಪಾತ್ರಧಾರಿ.

ಅಟ್ಟದ ಕಾಲು ನಮ್ಮ ತಾತನ ತಮ್ಮನದು. ನಾವೆಲ್ಲ ಚಿಕ್ಕತಾತ ಅನ್ನುತ್ತಿದ್ದೆವು. ಪೌರೋಹಿತ್ಯ ಮಾಡುತ್ತಿದ್ದವರು. 1988ರ ಬೇಸಿಗೆಯಲ್ಲಿ ಯಾವುದೋ ದೇವಸ್ಥಾನದ ಕಲ್ಲು ಹಾಸಿನ ಮೇಲೆ ಮಟಮಟ ಮಧ್ಯಾಹ್ನ ಬರಿಗಾಲಲ್ಲಿ ಪ್ರದಕ್ಷಿಣೆ ಹಾಕಿ ಬಂದರಂತೆ. ಅಂಗಾಲಲ್ಲಿ ಬೊಬ್ಬೆ ಎದ್ದಿದ್ದು ಅವರಿಗೆ ಗೊತ್ತೇ ಆಗಲಿಲ್ಲ. ಸಕ್ಕರೆ ಕಾಯಿಲೆ ಹಳತಾದರೆ ಪಾದದ ನರಗಳು ಸತ್ತು ಉರಿ ನೋವು ಏನೂ ತಿಳಿಯುವುದಿಲ್ಲ, ರಕ್ತ ಓಡಾಟವೂ ಕಮ್ಮಿಯಾಗಿರುತ್ತದೆ, ಗಾಯ ಮಾಯುವುದಿಲ್ಲ. ಬೊಬ್ಬೆ ಹುಣ್ಣಾಯಿತು, ಹುಣ್ಣು ಗ್ಯಾಂಗ್ರೀನ್ ಆಯಿತು. ಆ ಮೇ ತಿಂಗಳಲ್ಲೇ ಎಡಗಾಲು ಹೋಯಿತು, ಮೊಣಕಾಲಿನ ಕೆಳಗೆ.

ಚಿಕ್ಕತಾತ ಕಾಲಿನ ಜತೆ ಇನ್ನೊಂದನ್ನೂ ಕಳೆದುಕೊಂಡರು. ಅಂಗಹೀನನಾದವನಿಗೆ ಕರ್ಮಾಧಿಕಾರ ಇದೆಯೋ ಇಲ್ಲವೋ ಅನ್ನುವ ಚರ್ಚೆ ಜೈಮಿನಿಯ ಮೀಮಾಂಸಾ ಸೂತ್ರಗಳ ಕಾಲದಿಂದ ಇದೆ. ವಾಸಿಯಾಗದ ಊನ ಇದ್ದವರಿಗೆ ಯಜ್ಞದ ಅಧಿಕಾರವಿಲ್ಲ ಅನ್ನುವುದು ಅದರ ಸಾರ. ಬೀದಿಯಲ್ಲಿ ಯಾರೂ ಮೀಮಾಂಸೆ ಓದಿಕೊಂಡು ಬಂದು ಬೇಡ ಅನ್ನಲಿಲ್ಲ. ಸುಮ್ಮನೆ ಕರೆಯುವುದನ್ನು ನಿಲ್ಲಿಸಿದರು, ಅಷ್ಟೇ. ತಮಾಷೆ ಅಂದರೆ ಅದೇ ಋಗ್ವೇದದಲ್ಲಿ, ಮೊದಲನೆಯ ಮಂಡಲದ 116ನೆಯ ಸೂಕ್ತದಲ್ಲಿ, ವಿಶ್ಪಲಾ ಅನ್ನುವವಳ ಕಥೆ ಬರುತ್ತದೆ. ಕಾಳಗದಲ್ಲಿ ಅವಳ ಕಾಲು ತುಂಡಾಗುತ್ತದೆ, ಅಶ್ವಿನಿ ದೇವತೆಗಳು ಲೋಹದ ಕಾಲು ಜೋಡಿಸಿ ಅವಳನ್ನು ಮತ್ತೆ ಕಣಕ್ಕೆ ಕಳಿಸುತ್ತಾರೆ. (ವಿಶ್ಪಲಾ ಹೆಂಗಸೋ ಹೆಣ್ಣು ಕುದುರೆಯೋ ಅಂತ ವಿದ್ವಾಂಸರಲ್ಲಿ ಜಗಳ ಇದೆ, ಅದು ಬೇರೆ ಮಾತು.) ಚಿಕ್ಕತಾತ ಆ ಸೂಕ್ತವನ್ನು ಎಷ್ಟು ಸಲ ಹೇಳಿರಬಹುದು ಅಂತ ಯೋಚಿಸುತ್ತೇನೆ. ಕೃತಕ ಕಾಲಿನ ಮೊದಲ ಉಲ್ಲೇಖ ಅಂತ ಪಾಶ್ಚಾತ್ಯ ಪುಸ್ತಕಗಳೂ ಇದನ್ನೇ ತೋರಿಸುತ್ತವೆ. ಆದರೆ ದೇವತೆಗಳು ಕಾಲು ಕೊಟ್ಟ ಕ್ಷಣವೇ ವಿಶ್ಪಲಾ ಓಡಿಬಿಟ್ಟಳು. ಅಭ್ಯಾಸ ಮಾಡಿದಳು ಅಂತ ಎಲ್ಲೂ ಇಲ್ಲ. ಈ ಒಂದು ಸುಳ್ಳು ಕಲ್ಪನೆ ಮೂರು ಸಾವಿರ ವರ್ಷ ನಮ್ಮ ಬೆನ್ನು ಬಿಟ್ಟಿಲ್ಲ.

ನಿಜ ಹೇಳಬೇಕಂದರೆ ಬಹುಕಾಲ ಕಾಲು ಹೋದವರಿಗೆ ನಡಿಗೆ ಕಲಿಸುವ ಪ್ರಶ್ನೆಯೇ ಹೆಚ್ಚಾಗಿ ಬರುತ್ತಿರಲಿಲ್ಲ. ಬದುಕಿ ಉಳಿದರೆ ತಾನೇ? ಕಾಲು ಕತ್ತರಿಸಿ ಕುದಿಯುವ ಎಣ್ಣೆ, ಕಾದ ಕಬ್ಬಿಣ ಇಟ್ಟು ರಕ್ತ ನಿಲ್ಲಿಸುತ್ತಿದ್ದ ಕಾಲ ಅದು. 16ನೆಯ ಶತಮಾನದಲ್ಲಿ ಆಂಬ್ರ್ವಾಸ್ ಪಾರೆ ಅನ್ನುವ ಫ್ರೆಂಚ್ ವೈದ್ಯ ರಕ್ತನಾಳವನ್ನು ದಾರದಿಂದ ಕಟ್ಟುವ ಪದ್ಧತಿ ತಂದ, ಕೃತಕ ಕಾಲುಗಳ ಚಿತ್ರವನ್ನೂ ಬರೆಸಿದ. ಮತ್ತೆ ಮುನ್ನೂರು ವರ್ಷ ಕಾಯಬೇಕಾಯಿತು. 1846ರ ಡಿಸೆಂಬರಿನಲ್ಲಿ ಲಂಡನ್ನಿನಲ್ಲಿ ರಾಬರ್ಟ್ ಲಿಸ್ಟನ್ ಈಥರ್ ಕೊಟ್ಟು ತೊಡೆ ಕತ್ತರಿಸಿದ, 1867ರಲ್ಲಿ ಲಿಸ್ಟರ್ ಗಾಯ ಕೊಳೆಯದಂತೆ ಕಾರ್ಬಾಲಿಕ್ ಆಮ್ಲ ಬಳಸುವ ವಿಧಾನ ಪ್ರಕಟಿಸಿದ. ಇವೆರಡೂ ಆದಮೇಲೆ ಕಾಲು ಕಳೆದುಕೊಂಡು ಬದುಕುವವರು ಹೆಚ್ಚಾದರು.

ನಮ್ಮ ಮೈಸೂರಿನ ನೆಲಕ್ಕೂ ಈ ಇತಿಹಾಸದಲ್ಲಿ ಒಂದು ಜಾಗ ಇದೆ, ಕಾಲಿನದಲ್ಲ, ಮೂಗಿನದು. 1792ರ ಮೈಸೂರು ಯುದ್ಧದಲ್ಲಿ ಇಂಗ್ಲಿಷ್ ಸೈನ್ಯದ ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾವಸ್‌ಜೀ ಅನ್ನುವ ಮರಾಠನನ್ನು ಟಿಪ್ಪುವಿನ ಕಡೆಯವರು ಸೆರೆಹಿಡಿದು ಮೂಗನ್ನೂ ಒಂದು ಕೈಯನ್ನೂ ಕತ್ತರಿಸಿದರು ಅಂತ 1794ರ ಲಂಡನ್ನಿನ 'ಜಂಟಲ್‌ಮನ್ಸ್ ಮ್ಯಾಗಜೀನ್' ಬರೆಯಿತು. ಪುಣೆಯ ಹತ್ತಿರ ಇಟ್ಟಿಗೆ ಮಾಡುವ ಜಾತಿಯವನೊಬ್ಬ ಹಣೆಯ ಚರ್ಮ ಇಳಿಸಿ ಅವನಿಗೆ ಹೊಸ ಮೂಗು ಕಟ್ಟಿಕೊಟ್ಟ. ಆ ವರದಿ ಓದಿಯೇ ಯುರೋಪಿನಲ್ಲಿ ಪ್ಲಾಸ್ಟಿಕ್ ಸರ್ಜರಿ ಹೊಸದಾಗಿ ಹುಟ್ಟಿತು ಅಂತ ವೈದ್ಯಕೀಯ ಇತಿಹಾಸ ಹೇಳುತ್ತದೆ. ಮೂಗು ಜಗತ್ಪ್ರಸಿದ್ಧ ಆಯಿತು. ಕೈ? ಒಂದು ಕೈಯಲ್ಲಿ ಆ ಮನುಷ್ಯ ಹೇಗೆ ಊಟ ಮಾಡಿದ, ಹೇಗೆ ಎತ್ತು ಹೊಡೆದ, ಆ ವರದಿಯಲ್ಲಿ ಒಂದಕ್ಷರ ಇಲ್ಲ. ಕಂಪನಿ ಪಿಂಚಣಿ ಕೊಡುತ್ತಿತ್ತು ಅಂತ ಇದೆ. ಶಸ್ತ್ರಚಿಕಿತ್ಸೆ ಸುದ್ದಿಯಾಗುತ್ತದೆ, ಅದರ ಮಾರನೇ ದಿನದಿಂದ ಶುರುವಾಗುವ ಬದುಕು ಆಗುವುದಿಲ್ಲ.

ಆ ಬದುಕಿನ ಕಡೆ ಸರ್ಕಾರಗಳು ಕಣ್ಣು ಬಿಟ್ಟಿದ್ದು ಮೊದಲನೇ ಮಹಾಯುದ್ಧದಲ್ಲಿ, ಬೇರೆ ದಾರಿಯೇ ಇಲ್ಲದಾಗ. ಬ್ರಿಟನ್ ಒಂದರಲ್ಲೇ ಸುಮಾರು 41,000 ಸೈನಿಕರು ಕೈಯೋ ಕಾಲೋ ಕಳೆದುಕೊಂಡು ಮನೆಗೆ ಬಂದರು. ಅವರಿಗಾಗಿ 1915ರಲ್ಲಿ ಲಂಡನ್ನಿನ ರೋಹ್ಯಾಂಪ್ಟನ್ನಿನಲ್ಲಿ ಆಸ್ಪತ್ರೆ ಶುರುವಾಯಿತು. ಬ್ರೈಟನ್ನಿನ ಅರಮನೆಯಲ್ಲಿ ಮೊದಲು ನಮ್ಮ ಭಾರತೀಯ ಸಿಪಾಯಿಗಳಿಗೆ ಆಸ್ಪತ್ರೆ ಇತ್ತು. ಅವರನ್ನು ಖಾಲಿ ಮಾಡಿಸಿ 1916ರಿಂದ 1920ರವರೆಗೆ ಅದನ್ನು ಕೈಕಾಲು ಹೋದ ಬ್ರಿಟಿಷ್ ಸೈನಿಕರ ಆಸ್ಪತ್ರೆ ಮಾಡಿದರು. ಕಾಲು ಹಾಕುವುದರ ಜತೆಗೆ ಕಸುಬು ಕಲಿಸುವ ವರ್ಕ್‌ಶಾಪೂ ಅಲ್ಲಿತ್ತು. ಜರ್ಮನಿಯಲ್ಲಿ 1919ರಲ್ಲಿ ಓಟ್ಟೋ ಬಾಕ್ ಕಂಪನಿ ಹುಟ್ಟಿದ್ದೂ ಇದೇ ಕಾರಣಕ್ಕೆ. ಇಂದು ಕಂಪ್ಯೂಟರ್ ಇರುವ ಮೊಣಕಾಲು ಮಾರುವ ದೊಡ್ಡ ಹೆಸರು ಅದು. ಇತ್ತ ಗಾಯಗೊಂಡು ಬಂದ ನಮ್ಮವರಿಗೆ ಅಂತ 1917ರಲ್ಲಿ ಶುರುವಾದ ಕ್ವೀನ್ ಮೇರಿ ತಾಂತ್ರಿಕ ಶಾಲೆ ಮುಂದೆ ಪುಣೆಯ ಕಿರ್ಕಿಯಲ್ಲಿ ನೆಲೆ ನಿಂತಿತು. ಎರಡನೇ ಮಹಾಯುದ್ಧದ ನಡುವೆ 1944ರಲ್ಲಿ ಅದೇ ಪುಣೆಯಲ್ಲಿ ಸೈನ್ಯದ ಕೃತಕ ಅಂಗ ಕೇಂದ್ರ ಬಂತು. ಬಹಳ ವರ್ಷ ಭಾರತದಲ್ಲಿ ಒಳ್ಳೆ ಕಾಲು ಬೇಕು ಅಂದರೆ ಪುಣೆಯ ಹೆಸರೇ ಮೊದಲು ಬರುತ್ತಿತ್ತು.

ಆದರೆ ಆ ಕಾಲುಗಳೆಲ್ಲ ಕುರ್ಚಿಯ ಕಾಲುಗಳು. ಅಂದರೆ, ಕುರ್ಚಿ ಮೇಲೆ ಕೂರುವ, ಬೂಟು ಹಾಕುವ ಜನರಿಗೆ ಅಂತ ಯೋಚಿಸಿ ಮಾಡಿದ್ದು. 1950ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ 'ಸ್ಯಾಚ್' ಅನ್ನುವ ಪಾದ ಬಂತು. ಒಳಗೆ ಗಟ್ಟಿ ಮರ, ಹಿಮ್ಮಡಿಯಲ್ಲಿ ಮೆತ್ತನೆ ರಬ್ಬರ್, ಕಣಕಾಲಿನ ಕೀಲು ಇಲ್ಲ. ಇಂಜಿನಿಯರಿಂಗ್ ದೃಷ್ಟಿಯಿಂದ ಚೆನ್ನಾದ ವಿನ್ಯಾಸ, ಕಡಿಮೆ ಭಾಗ, ಕಡಿಮೆ ರಿಪೇರಿ. ಅದನ್ನು ಹಾಕಿಕೊಂಡು ಅಗ್ರಹಾರಕ್ಕೆ ಬನ್ನಿ ನೋಡೋಣ. ಬೂಟು ಇಲ್ಲದಿದ್ದರೆ ಸವೆಯುತ್ತದೆ, ನೀರು ಬಿದ್ದರೆ ಹಾಳಾಗುತ್ತದೆ, ಕಣಕಾಲು ಬಗ್ಗದೇ ಇರುವುದರಿಂದ ಕುಕ್ಕರಗಾಲಲ್ಲಿ ಕೂರಲು ಆಗದು, ಪಾದ ಒಳಕ್ಕೆ ತಿರುಗದೇ ಇರುವುದರಿಂದ ಚಕ್ಕಳಮಕ್ಕಳವೂ ಕಷ್ಟ. ಊಟದ ಪಂಕ್ತಿ, ದೇವರ ಮನೆ, ಹಿತ್ತಲು, ಗದ್ದೆ ಎಲ್ಲದರಿಂದಲೂ ಹೊರಗೆ. ಸ್ಪೆಸಿಫಿಕೇಶನ್ನಿನಲ್ಲಿ ನೆಲವೇ ಇರಲಿಲ್ಲ ಅನ್ನಬಹುದು. ನಮ್ಮ ಸಾಫ್ಟ್‌ವೇರ್‌ನಲ್ಲೂ ಹೀಗೇ ಆಗುತ್ತದೆ ಬಿಡಿ, ಯಾವುದೋ ದೇಶದ ಕ್ಲೈಂಟಿಗೆ ಬರೆದದ್ದನ್ನು ಇಲ್ಲಿಗೆ ತಂದು ಅಂಟಿಸುವುದು.

ಇದನ್ನು ಗಮನಿಸಿದವರು ಜೈಪುರದ ಸವಾಯ್ ಮಾನ್‌ಸಿಂಗ್ ಆಸ್ಪತ್ರೆಯ ಮೂಳೆ ವೈದ್ಯ ಪಿ.ಕೆ. ಸೇಠಿ ಮತ್ತು ಅಲ್ಲಿನ ಕುಶಲಕರ್ಮಿ ರಾಮಚಂದ್ರ ಶರ್ಮ. ಶರ್ಮ ಹೆಚ್ಚು ಓದಿದವರಲ್ಲ, ಕೈ ಕೆಲಸದಲ್ಲಿ ಪಳಗಿದವರು, ಎಲ್ಲರ ಬಾಯಲ್ಲಿ ಮಾಸ್ಟರ್‌ಜಿ. ಟೈರಿಗೆ ರಬ್ಬರ್ ಹಚ್ಚಿ ಬೇಯಿಸುತ್ತಿದ್ದ ಅಂಗಡಿ ನೋಡಿ ಅವರಿಗೆ ಪಾದದ ಉಪಾಯ ಹೊಳೆಯಿತು ಅಂತ ಕಥೆ ಇದೆ. 1968ರ ಸುಮಾರಿಗೆ ಜೈಪುರ ಕಾಲು ತಯಾರಾಯಿತು. ಹಿಮ್ಮಡಿಗೆ ಒಂದು, ಮುಂಗಾಲಿಗೆ ಒಂದು ಚಪ್ಪಲಿಗೆ ಬಳಸುವಂಥ ಹಗುರ ರಬ್ಬರಿನ ತುಂಡು, ಕಣಕಾಲಿನ ಜಾಗಕ್ಕೆ ಮರದ ತುಂಡು, ಎಲ್ಲಕ್ಕೂ ಟೈರಿನ ನೂಲು ರಬ್ಬರಿನ ಕಟ್ಟು, ಮೇಲೆ ಮೈಬಣ್ಣದ ರಬ್ಬರ್ ಹೊದಿಸಿ ಅಚ್ಚಿನಲ್ಲಿಟ್ಟು ಬೇಯಿಸುವುದು. ಎಲ್ಲ ದಿಕ್ಕಿಗೂ ಅಷ್ಟಷ್ಟು ಬಾಗುತ್ತದೆ. ಕುಕ್ಕರಗಾಲಲ್ಲಿ ಕೂರಬಹುದು, ನೀರಲ್ಲಿ ನಿಲ್ಲಬಹುದು, ಬರಿಗಾಲಲ್ಲಿ ನಡೆಯಬಹುದು. ಬೆರಳು, ಉಗುರು ಇರುವುದು ಚಂದಕ್ಕಲ್ಲ, ಬೂಟಿಲ್ಲದ ಪಾದ ನಾಲ್ಕು ಜನಕ್ಕೆ ಕಾಣುತ್ತದಲ್ಲ, ಅದಕ್ಕೆ. ಮೊದಲ ಏಳು ವರ್ಷ ಹಾಕಿಸಿಕೊಂಡವರು ನೂರು ಜನವೂ ಇಲ್ಲ. 1975ರಲ್ಲಿ ಡಿ.ಆರ್. ಮೆಹ್ತಾ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿ ಕಟ್ಟಿದ ಮೇಲೆ ಅದು ಉಚಿತವಾಗಿ ಊರೂರಿಗೆ ಹೋಯಿತು. 1981ರಲ್ಲಿ ಸೇಠಿಯವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಬಂತು. ಮಾಸ್ಟರ್‌ಜಿಗೆ ಅಷ್ಟು ಹೆಸರು ಬರಲಿಲ್ಲ, ಅದರ ಬಗ್ಗೆ ನನಗೊಂದಿಷ್ಟು ಸಿಟ್ಟಿದೆ.

ಹಾಗಾದರೆ ಚಿಕ್ಕತಾತನ ಕಾಲು ಜೈಪುರ ಕಾಲೇ. ನೆಲಕ್ಕೆ ಅಂತಲೇ ಮಾಡಿದ ಕಾಲು, ನೆಲದ ಮನೆಗೇ ಬಂತು. 1989ರ ಜನವರಿಯಲ್ಲಿ ಒಂದು ಸೇವಾ ಸಂಸ್ಥೆಯವರ ಕ್ಯಾಂಪಿನಲ್ಲಿ ಕೊಟ್ಟರಂತೆ. ಬೆಳಿಗ್ಗೆ ಅಳತೆ ತೆಗೆದು ಸಂಜೆಗೆ ಕಾಲು ಕೈಗೆ. ಹಾರ, ಭಾಷಣ, ಗುಂಪಿನ ಫೋಟೋ ಎಲ್ಲ ಆಗಿದೆ. ಆದರೂ ಅಂಗಾಲು ಸವೆಯಲಿಲ್ಲ. ಯಾಕೆ?

ಉತ್ತರ ಸಿಕ್ಕಿದ್ದು ಅಜ್ಜಿಯ ಕಬ್ಬಿಣದ ಟ್ರಂಕಿನಲ್ಲಿದ್ದ ಇನ್ನೊಂದು ಫೋಟೋದಲ್ಲಿ. 1988ರ ದೀಪಾವಳಿಯದು. ಚಿಕ್ಕತಾತ ಜಗಲಿಯ ಮೇಲೆ ಆರಾಮ ಕುರ್ಚಿಯಲ್ಲಿ ಒರಗಿದ್ದಾರೆ, ಮುಂದೆ ಒಂದು ಸ್ಟೂಲು, ಅದರ ಮೇಲೆ ಬೂರುಗದ ಹತ್ತಿಯ ದಪ್ಪ ದಿಂಬು, ದಿಂಬಿನ ಮೇಲೆ ಮೊಣಕಾಲು ಮಡಚಿಕೊಂಡು ಮೊಂಡುಗಾಲು. ಮುಖದಲ್ಲಿ ನಗು. ಮಾವನಿಗೆ ನಡೆಯಲು ಕಲಿಸುತ್ತಿದ್ದ ಫಿಸಿಯೋಥೆರಪಿ ಹುಡುಗಿಗೆ ಮೊಬೈಲಿನಲ್ಲಿ ಅದನ್ನು ತೋರಿಸಿದೆ. ಎರಡು ಬೆರಳಿಂದ ದೊಡ್ಡದು ಮಾಡಿ ನೋಡಿದಳು.

"ಇದೇ ನೋಡಿ, ಇಲ್ಲೇ ಹೋಗಿದೆ. ದಿಂಬು."

ಕಾಲು ತೆಗೆದ ಮೇಲೆ ಮೊಣಕಾಲನ್ನು ಮಡಚುವ ಸ್ನಾಯುಗಳು ಗೆಲ್ಲುತ್ತವೆ, ನೆಟ್ಟಗೆ ಮಾಡುವವು ಸೋಲುತ್ತವೆ. ದಿಂಬಿನ ಮೇಲೆ ಮಡಚಿಟ್ಟರೆ ಹಾಯೆನಿಸುತ್ತದೆ. ಆದರೆ ಕೆಲವೇ ವಾರಗಳಲ್ಲಿ ಸ್ನಾಯು, ಕೀಲಿನ ಪೊರೆ ಎಲ್ಲ ಮೋಟಾಗುತ್ತಾ ಬರುತ್ತವೆ, ತಿಂಗಳುಗಟ್ಟಲೆ ಬಿಟ್ಟರೆ ಮೊಣಕಾಲು ಅದೇ ಕೋನದಲ್ಲಿ ಬಿಗಿದುಕೊಳ್ಳುತ್ತದೆ. ಆಮೇಲೆ ಎಂಥ ಕಾಲು ತಂದು ಹಾಕಿದರೂ ನೆಟ್ಟಗೆ ನಿಲ್ಲುವುದಿಲ್ಲ, ಭಾರ ಬೀಳಬೇಕಾದ ಕಡೆ ಬೀಳದೆ ಚರ್ಮ ಕಿತ್ತು ಬರುತ್ತದೆ. ಮೇ ತಿಂಗಳಲ್ಲಿ ಕಾಲು ಹೋಗಿದ್ದು, ಜನವರಿಯಲ್ಲಿ ಕಾಲು ಬಂದಿದ್ದು. ನಡುವಿನ ಎಂಟು ತಿಂಗಳು ಚಿಕ್ಕತಾತ ಆ ಕುರ್ಚಿಯಲ್ಲಿ ದಿಂಬಿನ ಮೇಲೆ ಕಾಲಿಟ್ಟುಕೊಂಡು ಕಾದಿದ್ದರು. ಕ್ಯಾಂಪಿನ ದಿನ ಹೊತ್ತಿಗೆ ಆ ಕಾಲು ಸೋತಾಗಿತ್ತು.

ಈ ಎಂಟು ತಿಂಗಳಲ್ಲಿ ಏನಾಗಬೇಕಿತ್ತು ಅನ್ನುವುದು ಮಾವನ ಪುಣ್ಯದಿಂದ ನನಗೆ ಈಗ ಬಾಯಿಪಾಠ. ಹೊಲಿಗೆ ಮಾಗುತ್ತಿದ್ದ ಹಾಗೇ ಕ್ರೇಪ್ ಬ್ಯಾಂಡೇಜನ್ನು ಎಂಟರ ಆಕಾರದಲ್ಲಿ, ತುದಿಯಲ್ಲಿ ಬಿಗಿ ಮೇಲೆ ಸಡಿಲ, ದಿನಕ್ಕೆ ಹಲವು ಸಲ ಬಿಚ್ಚಿ ಸುತ್ತಬೇಕು. ಬಾವು ಇಳಿದು ಮೊಂಡು ಅಳತೆಗೆ ಕೂರುವ ರೂಪಕ್ಕೆ ಬರಬೇಕು. ದಿನಕ್ಕೆರಡು ಸಲ ಬೋರಲು ಮಲಗಬೇಕು, ಸೊಂಟ ಮೊಣಕಾಲು ಎರಡೂ ನೆಟ್ಟಗಾಗಲಿ ಅಂತ. ತೊಡೆ ಬಿಗಿಹಿಡಿದು ಹತ್ತು ಎಣಿಸಿ ಬಿಡುವ ವ್ಯಾಯಾಮ. ಕೃತಕ ಕಾಲು ಬಂದ ಮೇಲೆ ಎರಡು ಕಂಬಿಗಳ ನಡುವೆ ಬರೀ ನಿಲ್ಲುವುದು, ಭಾರವನ್ನು ಆ ಕಾಲಿಂದ ಈ ಕಾಲಿಗೆ ಸಾಗಿಸುವುದು. ಇದು ಅತಿ ಕಷ್ಟ, ಏಕೆಂದರೆ ಕಾಣದ ಪಾದವನ್ನು ನಂಬಬೇಕು. ಮೆಟ್ಟಿಲು ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ಕೃತಕ ಕಾಲು ಮೊದಲು. ಮಧ್ಯಾಹ್ನದ ಹೊತ್ತಿಗೆ ಮೊಂಡು ಕುಗ್ಗಿ ಕಾಲು ಲೊಡಲೊಡ ಅನ್ನುತ್ತದೆ, ಆಗ ಇನ್ನೊಂದು ಕಾಲುಚೀಲ ಸೇರಿಸಬೇಕು. ರಾತ್ರಿ ಕನ್ನಡಿ ಹಿಡಿದು ಚರ್ಮ ನೋಡಿಕೊಳ್ಳಬೇಕು. ಸಕ್ಕರೆ ಇರುವವರು ಉಳಿದ ಇನ್ನೊಂದು ಪಾದವನ್ನಂತೂ ಎರಡರಷ್ಟು ನೋಡಿಕೊಳ್ಳಬೇಕು. ಮೊಣಕಾಲಿನ ಕೆಳಗೆ ಹೋದವರಿಗೂ ನಡೆಯಲು ಸುಮಾರು ಕಾಲುಭಾಗ ಹೆಚ್ಚು ಶಕ್ತಿ ಬೇಕು, ಮೇಲೆ ಹೋದವರಿಗೆ ಅರ್ಧಕ್ಕಿಂತ ಹೆಚ್ಚು. ಐವತ್ತು ಅರವತ್ತು ದಾಟಿದ ಎದೆಗೆ ಅದು ಸಣ್ಣ ಮಾತಲ್ಲ.

ಇನ್ನೊಂದಿದೆ. ಚಿಕ್ಕತಾತ ಇಲ್ಲದ ಹೆಬ್ಬೆರಳು ತುರಿಸುತ್ತದೆ ಅನ್ನುತ್ತಿದ್ದರಂತೆ. ಮನೆಯವರು ಭ್ರಮೆ ಅಂದುಕೊಂಡರು, ಒಂದು ಸಲ ತಾಯಿತ ಕೂಡ ಕಟ್ಟಿಸಿದರು. 16ನೆಯ ಶತಮಾನದಲ್ಲೇ ಪಾರೆ ಇದನ್ನು ಬರೆದಿಟ್ಟಿದ್ದ. ಅಮೆರಿಕದ ಅಂತರ್ಯುದ್ಧದ ಗಾಯಾಳುಗಳನ್ನು ನೋಡಿದ ವೈರ್ ಮಿಚೆಲ್ 1871ರಲ್ಲಿ ಇದಕ್ಕೆ 'ಫ್ಯಾಂಟಮ್ ಲಿಂಬ್' ಅಂತ ಹೆಸರಿಟ್ಟ. ನಮ್ಮ ಪಕ್ಕದ ತಮಿಳುನಾಡಿನಲ್ಲಿ ಹುಟ್ಟಿದ ವಿ.ಎಸ್. ರಾಮಚಂದ್ರನ್ 1990ರ ದಶಕದಲ್ಲಿ ಒಂದು ಸಾದಾ ಕನ್ನಡಿ ಇಟ್ಟು ಅದರ ನೋವು ಕಡಿಮೆ ಮಾಡುವ ದಾರಿ ತೋರಿಸಿದರು. ಮಾವನಿಗೆ ಮೊದಲ ವಾರವೇ "ಹೀಗಾಗತ್ತೆ, ಹೆದರಬೇಡಿ" ಅಂತ ಹೇಳಿದ್ದರು. ಅಷ್ಟು ಹೇಳಿದ್ದೇ ಅರ್ಧ ಔಷಧಿ. ಚಿಕ್ಕತಾತನಿಗೆ ಯಾರೂ ಹೇಳಲಿಲ್ಲ.

ಯಾಕೆ ಹೇಳಲಿಲ್ಲ ಅನ್ನುವುದಕ್ಕೂ ಇತಿಹಾಸ ಇದೆ. ನಮ್ಮಲ್ಲಿ ಕಾಲು ಮಾಡುವವರ ದಾರಿ ಒಂದು, ನಡಿಗೆ ಕಲಿಸುವವರ ದಾರಿ ಇನ್ನೊಂದು. ಭಾರತದಲ್ಲಿ ಫಿಸಿಯೋಥೆರಪಿ ಶಿಕ್ಷಣ ಶುರುವಾಗಿದ್ದು 1950ರ ದಶಕದ ಆರಂಭದಲ್ಲಿ ಮುಂಬಯಿಯಲ್ಲಿ, ಅದೂ ಪೋಲಿಯೋ ಹಾವಳಿಯ ಒತ್ತಡಕ್ಕೆ. 1955ರಲ್ಲಿ ಅಲ್ಲೇ ಹಾಜಿ ಅಲಿಯಲ್ಲಿ ಅಖಿಲ ಭಾರತ ಭೌತಿಕ ಚಿಕಿತ್ಸೆ ಮತ್ತು ಪುನರ್ವಸತಿ ಸಂಸ್ಥೆ ಬಂತು. ಇತ್ತ 1972ರಲ್ಲಿ ಕಾನ್ಪುರದಲ್ಲಿ ಕೇಂದ್ರ ಸರ್ಕಾರದ ಕೃತಕ ಅಂಗ ತಯಾರಿಕಾ ನಿಗಮ (ಅಲಿಂಕೋ) ಹುಟ್ಟಿತು, 1981ರಿಂದ ಬಡವರಿಗೆ ಸಾಧನ ಕೊಡುವ ಯೋಜನೆಯೂ ಇದೆ. ಒಳ್ಳೆಯದೇ. ಆದರೆ ಸಾಧನ ಎಣಿಸಲು ಸುಲಭ, ಇಷ್ಟು ಕಾಲು ಕೊಟ್ಟೆವು ಅಂತ ಬೋರ್ಡು ಬರೆಯಬಹುದು. ನಡಿಗೆ ಎಣಿಸುವುದು ಹೇಗೆ? ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಡೆಲಿವರಿ ಆಯಿತು, ಟಿಕೆಟ್ ಕ್ಲೋಸ್ ಆಯಿತು, ಯೂಸರ್ ಲಾಗಿನ್ನೇ ಆಗಲಿಲ್ಲ. ಕ್ಯಾಂಪಿನವರನ್ನು ಹಳಿಯಲು ನನಗೆ ಮನಸ್ಸಿಲ್ಲ, ಅವರಿಲ್ಲದಿದ್ದರೆ ಲಕ್ಷಾಂತರ ಜನಕ್ಕೆ ಕಾಲೇ ಇರುತ್ತಿರಲಿಲ್ಲ. ಸುಧಾ ಚಂದ್ರನ್ ಕಥೆ ಎಲ್ಲರಿಗೂ ಗೊತ್ತು. 1981ರಲ್ಲಿ ಅಪಘಾತದಲ್ಲಿ ಕಾಲು ಹೋಯಿತು, ಜೈಪುರ ಕಾಲು ಹಾಕಿಕೊಂಡು ಮತ್ತೆ ಕುಣಿದರು, 'ಮಯೂರಿ' ಸಿನಿಮಾ ಬಂತು. ಆದರೆ ಅವರು ಮತ್ತೆ ರಂಗದ ಮೇಲೆ ನಿಂತಿದ್ದು 1984ರಲ್ಲಿ. ನಡುವಿನ ಆ ವರ್ಷಗಳು, ರಕ್ತ ಬರುತ್ತಿದ್ದ ಮೊಂಡು, ದಿನಾ ಅಭ್ಯಾಸ, ಅದು ಯಾರಿಗೂ ನೆನಪಿರುವುದಿಲ್ಲ. ಬೆಂಗಳೂರಿನ ಶಾಲಿನಿ ಸರಸ್ವತಿ 2016ರಲ್ಲಿ ಎರಡೂ ಕಾಲಿಗೆ ಬ್ಲೇಡ್ ಹಾಕಿಕೊಂಡು ಹತ್ತು ಕಿಲೋಮೀಟರ್ ಓಡಿದಾಗಲೂ ಎಲ್ಲರೂ ಬ್ಲೇಡಿನ ಬೆಲೆ ಕೇಳಿದರೇ ಹೊರತು ತರಬೇತಿಯ ದಿನ ಕೇಳಿದವರು ಕಮ್ಮಿ.

ಈ ಎರಡು ದಾರಿಗಳನ್ನು ಒಂದು ಮಾಡುವ ಕೆಲಸ ಕರ್ನಾಟಕದಲ್ಲೂ ಆಗಿದೆ. 1994ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಮೊಬಿಲಿಟಿ ಇಂಡಿಯಾ ಕಾಲು ಮಾಡುವವರಿಗೂ ಚಿಕಿತ್ಸೆ ಕೊಡುವವರಿಗೂ ಒಂದೇ ಸೂರಿನಡಿ ಕಲಿಸುತ್ತದೆ. ಹುಬ್ಬಳ್ಳಿಯ ಕಿಮ್ಸ್ ಆವರಣದ ಮಹಾವೀರ ಲಿಂಬ್ ಸೆಂಟರ್ ಉತ್ತರ ಕರ್ನಾಟಕದವರಿಗೆ ಗೊತ್ತಿರುವ ಹೆಸರು. ಕಾನೂನು 1995ರಲ್ಲಿ ಬಂತು, 2016ರಲ್ಲಿ ಇನ್ನೂ ದೊಡ್ಡದಾಗಿ ಬಂತು. ಚಿಕ್ಕತಾತನಿಗೆ ಇದಾವುದೂ ಸಿಗಲಿಲ್ಲ. ಒಂದು ತಿಂಗಳು ಆ ಕಾಲು ಕಟ್ಟಿಕೊಂಡು ಒದ್ದಾಡಿ, ಹುಣ್ಣಾಗಿ, ಸ್ವತಃ ಗೋಣಿಚೀಲದಲ್ಲಿ ಸುತ್ತಿ "ಮೇಲಿಡಿ" ಅಂದರಂತೆ. ಆಮೇಲೆ ಇಪ್ಪತ್ತು ವರ್ಷ ಕಂಕುಳ ಕೋಲಿನಲ್ಲೇ ಇದ್ದರು. ಜಗಲಿ ಮೇಲೆ ಕೂತು ಬೀದಿಯ ಹುಡುಗರಿಗೆ ಸಂಧ್ಯಾವಂದನೆ ಹೇಳಿಕೊಟ್ಟರು. 2009ರಲ್ಲಿ ತೀರಿಕೊಂಡಾಗ ನನಗೆ ಹನ್ನೆರಡು ವರ್ಷ. ಅವರು ಪಂಕ್ತಿಯಲ್ಲಿ ಕೂತು ಉಂಡಿದ್ದನ್ನು ನಾನು ನೋಡಿಲ್ಲ. ಅವರ ತಟ್ಟೆ ಜಗಲಿಗೇ ಹೋಗುತ್ತಿತ್ತು.

ಇಷ್ಟೆಲ್ಲ ಗೊತ್ತಾದ ಮೇಲೆ ಅಜ್ಜಿಯ ಹತ್ತಿರ ಕೂತಿದ್ದೆ. ಅಜ್ಜಿಗೆ ಈಗ ಎಂಬತ್ತೆಂಟು. ಫೋಟೋ ನೋಡಿ ಅವಳ ಮುಖ ಅರಳಿತು.

"ಆ ದಿಂಬು ನಾನೇ ಹೊಲಿದಿದ್ದು ಕಣೋ. ಹೊಸಾ ಬೂರುಗದ ಹತ್ತಿ ತರಿಸಿ. ದಿನಾ ಬೆಳಿಗ್ಗೆ ಬಿಸಿಲಿಗಿಟ್ಟು, ತಟ್ಟಿ, ಅವನ ಕಾಲಡಿಗೆ ಇಡ್ತಿದ್ದೆ. ಮೈದುನ ಅಂದ್ರೆ ಮಗನ ಥರ ಅಲ್ವೇ. ಒಂದು ದಿ‌ನಾನೂ ತಪ್ಪಿಸಲಿಲ್ಲ ನೋಡು."

ನಾನು "ಹೂಂ ಅಜ್ಜಿ" ಅಂದೆ. ಬೇರೇನೂ ಹೇಳಲಿಲ್ಲ. ಹೇಳುವುದೂ ಇಲ್ಲ.

ಮಾವನಿಗೆ ಮಾತ್ರ ಹೇಳಿದ್ದೇನೆ. ಅವರ ಕಾಲು ಬಂದು ಈಗ ಐದು ತಿಂಗಳು. ನೂರೊಂದು ಗಣಪತಿವರೆಗೆ ಹೋಗಿ ಬರುತ್ತಾರೆ, ಜತೆಗೆ ಒಬ್ಬರು ಇರಬೇಕು. ಊಟಕ್ಕೆ ನೆಲದ ಮೇಲೆ ಕೂರಲು ಇನ್ನೂ ಆಗಿಲ್ಲ, ಮಣೆಗಳನ್ನು ಒಂದರ ಮೇಲೊಂದು ಪೇರಿಸಿ ಕೂರುತ್ತಾರೆ. ನಾಲ್ಕು ಇದ್ದದ್ದು ಈಗ ಎರಡಕ್ಕೆ ಇಳಿದಿದೆ. ತಲೆಬಾಗಿಲ ಹೊಸ್ತಿಲು ಟೇಪು ಹಿಡಿದು ಅಳೆದೆ, ಏಳು ಇಂಚಿದೆ. ಬಡಗಿ ಕರೆಸಿ ಕೆತ್ತಿಸೋಣ ಅಂದರೆ "ಹೊಸ್ತಿಲು ಕೆತ್ತಿಸ್ತಾರೇನೋ, ದಾಟೋದು ಕಲೀತೀನಿ" ಅಂತ ಬೈದರು. ದಿನಾ ಸಂಜೆ ಹತ್ತು ಸಲ ದಾಟುತ್ತಾರೆ. ಅವರ ಪಾದದ ಹಿಮ್ಮಡಿ ಆಗಲೇ ಒಂದು ಕಡೆ ಸವೆದಿದೆ.

ಮೊನ್ನೆ ಮಧ್ಯಾಹ್ನ ಮಾವ ಕಾಲು ಬಿಚ್ಚಿಟ್ಟು ಕೂತಿದ್ದಾಗ ಅಜ್ಜಿ ಒಳಗಿನಿಂದ ಮೆಲ್ಲಗೆ ಗೋಡೆ ಹಿಡಿದುಕೊಂಡು ಬಂದಳು. ಕಂಕುಳಲ್ಲಿ ದಿಂಬು. ಮಗನ ಕಾಲಡಿಗೆ ಇಡಲು ಬಗ್ಗಿದಳು. ಮಾವ ನನ್ನ ಮುಖ ನೋಡಿದರು. ಆಮೇಲೆ ದಿಂಬನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಬೆನ್ನ ಹಿಂದೆ ಇಟ್ಟುಕೊಂಡರು.

"ಇಲ್ಲಿ ಹಾಯಾಗಿದೆ ನೋಡಮ್ಮ."

"ಮತ್ತೆ ಕಾಲಿಗೆ?"

"ಕಾಲಿಗೇನೂ ಬೇಡ. ಆ ಚಾಪೆ ಹಾಸು, ಒಂದರ್ಧ ಗಂಟೆ ಬೋರಲು ಮಲಗಬೇಕು."